ಚೆಕ್ಕಿಗಿಂತ ಮೊದಲು ಎಚ್ಚರಿಕೆ ಬರಲಿ

ಹರಪನಹಳ್ಳಿ ಸೀಮೆಯ ಚಿಗಟೇರಿಗೆ ಕಡಲು ದೂರ. ಹೆಸರಿಟ್ಟುಕೊಂಡು ಬರುವ ಚಂಡಮಾರುತಗಳು ಇಲ್ಲಿಗೆ ನೇರವಾಗಿ ಅಪ್ಪಳಿಸುವುದಿಲ್ಲ. ಆದರೆ ಅಶ್ವಿನಿ, ಭರಣಿ ಮಳೆಗಳ ಸಂಜೆ ಏಳುವ ಬಿರುಗಾಳಿಗೆ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯಲ್ಲಿ ತಗಡು ಹಾರುತ್ತವೆ, ಕಂಬ ಉರುಳುತ್ತವೆ, ಬಯಲಿನಲ್ಲಿರುವ ಕುರಿಗಾಹಿಗೆ ಸಿಡಿಲು ಬಡಿಯುತ್ತದೆ. ಮರುದಿನ ಪಂಚನಾಮೆ, ಸಾಂತ್ವನ, ಪರಿಹಾರದ ಚೆಕ್ಕು. ಮುಂದಿನ ಬೇಸಿಗೆಗೆ ಮತ್ತೆ ಅದೇ. ಇದನ್ನು ಹಣೆಬರಹ ಎನ್ನುವುದು ಇನ್ನು ಸಾಕು.

2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಮಳೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜೀವ ತೆಗೆಯಿತು. ಅಂದು ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಸಿದ್ಧತೆಯಿಂದ ಏನು ಸಾಧ್ಯ ಎಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2019ರ ಫೋನಿ ಬಂದಾಗ ಹನ್ನೆರಡು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವು 64ಕ್ಕೆ ನಿಂತಿತು.

ನಮ್ಮಲ್ಲಿ ಮಾಹಿತಿಗೇನೂ ಬರವಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಅದರ ‘ಸಿಡಿಲು’ ಆ್ಯಪ್ ಇದೆ, ಪುಣೆಯ ಹವಾಮಾನ ಸಂಸ್ಥೆಯ ‘ದಾಮಿನಿ’ ಇದೆ. ಆದರೆ ಸ್ಮಾರ್ಟ್‌ಫೋನ್ ಇಲ್ಲದೆ ಮೆಕ್ಕೆಜೋಳದ ಹೊಲದಲ್ಲಿ ದುಡಿಯುವ ಕೂಲಿ ಹೆಣ್ಣುಮಗಳಿಗೆ ಆ ಎಚ್ಚರಿಕೆ ಮುಟ್ಟಿಸುವವರು ಯಾರು? ಕಸದ ಗಾಡಿಯ ಮೈಕಿನಲ್ಲಿ, ಗುಡಿಯ ಧ್ವನಿವರ್ಧಕದಲ್ಲಿ, ಡಂಗುರದಲ್ಲಿ ಅದನ್ನು ಸಾರಿಸುವುದು ಪಂಚಾಯಿತಿಯ ಕೆಲಸ. ಜೋತುಬಿದ್ದ ತಂತಿ, ವಾಲಿದ ಕಂಬ, ಬಿರುಕುಬಿಟ್ಟ ಶಾಲೆಗೋಡೆಗಳ ಪಟ್ಟಿ ಯುಗಾದಿಯೊಳಗೆ ಗ್ರಾಮಸಭೆಯ ಮುಂದೆ ಬರಬೇಕು.

ಮನೆಯವರ ಹೊಣೆಯೂ ಕಡಿಮೆಯಲ್ಲ. ತಗಡಿನ ಮೇಲೆ ಕಲ್ಲು ಹೇರುವುದು ಭದ್ರತೆಯಲ್ಲ. ಗಾಳಿಗೆ ತಗಡು ಎದ್ದರೆ ಆ ಕಲ್ಲು ಬೀಳುವುದು ಒಳಗೆ ಮಲಗಿದ ಮಕ್ಕಳ ಮೇಲೆ. ತಗಡನ್ನು ತೊಲೆಗೆ ಬೋಲ್ಟಿನಿಂದ ಬಿಗಿಯಿರಿ. ನೆನೆದ ಮಣ್ಣಿನ ಗೋಡೆ ಮಳೆ ನಿಂತ ಮೇಲೂ ಕುಸಿಯುತ್ತದೆ, ಅದರ ಬುಡದಲ್ಲಿ ಮಲಗಬೇಡಿ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಟಾರ್ಚು, ಔಷಧಿ, ಕುಡಿಯುವ ನೀರು ಕೈಗೆಟುಕುವಂತಿರಲಿ. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಎಣಿಸುವಷ್ಟು ಹೊತ್ತಿಲ್ಲವೆಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಕೂಡಲೇ ಪಕ್ಕಾ ಕಟ್ಟಡ ಸೇರಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬೇಡಿ. ಒಂಟಿ ಮರದ ಆಸರೆ ಸಾವಿನ ಆಸರೆ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ: ಉಸಿರು ನಿಂತಿದ್ದರೆ ಎದೆ ಒತ್ತಿ, 108ಕ್ಕೆ ಕರೆ ಮಾಡಿ. ತುಂಡಾದ ತಂತಿಯ ಹತ್ತಿರ ಮಾತ್ರ ಸುಳಿಯಬೇಡಿ, 1912ಕ್ಕೆ ತಿಳಿಸಿ.

ಸತ್ತ ಮೇಲೆ ಲಕ್ಷಗಳನ್ನು ಕೊಡುವ ಆಡಳಿತ, ಸಾಯದಂತೆ ಸಾವಿರಗಳನ್ನು ಖರ್ಚು ಮಾಡಲು ಹಿಂದೇಟು ಹಾಕುವುದು ಅಕ್ಷಮ್ಯ. ಮುಂದಿನ ಭರಣಿಗೆ ಈ ಸೀಮೆಯಲ್ಲಿ ಎಚ್ಚರಿಕೆ ತಲುಪದೆ ಒಂದು ಜೀವ ಹೋದರೂ ಅದರ ಹೊಣೆ ಆಕಾಶದ್ದಲ್ಲ, ತಾಲ್ಲೂಕು ಆಡಳಿತ ಮತ್ತು ಪಂಚಾಯಿತಿಗಳದ್ದು.