ಹಬ್ಬದ ಹಾಳೆಗಳೂ ಮಕ್ಕಳ ಮೊದಲ ಓದೂ

ಹಬ್ಬಗಳು ಸಮೀಪಿಸಿದಾಗ ನಮ್ಮ ಪುತ್ತೂರು, ಸುಳ್ಯ, ಕಡಬಗಳ ಝೆರಾಕ್ಸ್ ಅಂಗಡಿಗಳಲ್ಲಿ ಎಳೆಯ ಮಕ್ಕಳ ತಾಯಂದಿರನ್ನು ಕಾಣುತ್ತೇವೆ. ಅಂತರಜಾಲದಿಂದ ಇಳಿಸಿಕೊಂಡ ಚಟುವಟಿಕೆಯ ಹಾಳೆಗಳನ್ನು ಮುದ್ರಿಸಿಕೊಳ್ಳುವುದಕ್ಕಾಗಿ ಅವರು ಬಂದಿರುತ್ತಾರೆ. ಬಣ್ಣ ತುಂಬುವ ಹಣತೆ, ಚುಕ್ಕಿ ಸೇರಿಸಿದರೆ ಮೂಡುವ ಗಣಪ, ಹಿಮದ ಟೊಪ್ಪಿ ಹೊತ್ತ ಕ್ರಿಸ್‌ಮಸ್ ಮರ, ಇವೆಲ್ಲವೂ ಅಲ್ಲಿವೆ. ರಜೆಯಲ್ಲಿ ಮಗು ಓದು ಮರೆಯದಿರಲಿ ಎಂಬ ಹೆತ್ತವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಬಣ್ಣ ತುಂಬಿದ್ದನ್ನೇ ಓದು ಎಂದು ಭಾವಿಸಿಬಿಟ್ಟರೆ ಹಾಳೆಯೂ ವ್ಯರ್ಥ, ಮಗುವಿನ ಹೊತ್ತೂ ವ್ಯರ್ಥ.

ಹೈಸ್ಕೂಲಿನ ಮೇಷ್ಟ್ರಿಗೆ ಅ ಆ ಇ ಈ ಗೊಡವೆ ಏಕೆಂದು ಕೆಲವರು ಕೇಳಬಹುದು. ಬೇರಿನ ದೋಷ ತಿಳಿಯುವುದು ಫಲ ಬಿಡುವ ಕಾಲಕ್ಕೆ. ಎಂಟನೆಯ ತರಗತಿಗೆ ಬಂದ ಮೇಲೂ ಅಕ್ಷರಕ್ಕೆ ಅಕ್ಷರ ಜೋಡಿಸುತ್ತ, ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲನ್ನು ಮರೆತುಬಿಡುವ ವಿದ್ಯಾರ್ಥಿಗಳನ್ನು ಪ್ರತಿವರ್ಷವೂ ಕಂಡಿದ್ದೇನೆ. ಅವರು ದಡ್ಡರಾಗಿರಲಿಲ್ಲ. ರಾತ್ರಿಯಿಡೀ ನೋಡಿದ ಯಕ್ಷಗಾನದ ಕಥೆಯನ್ನು ತುಳುವಿನಲ್ಲಿ ಸೊಗಸಾಗಿ ಹೇಳಬಲ್ಲವರಾಗಿದ್ದರು. ಮಾತು ಮತ್ತು ಅಕ್ಷರಗಳ ನಡುವಿನ ಸಂಕ ಮಾತ್ರ ಎಳವೆಯಲ್ಲೇ ಮುರಿದಿತ್ತು. ಆರನೆಯ ವಯಸ್ಸಿನಲ್ಲಿ ಸುಲಭವಾಗಿ ಕಟ್ಟಬಹುದಾದ ಆ ಸಂಕವನ್ನು ಹದಿಮೂರನೆಯ ವಯಸ್ಸಿನಲ್ಲಿ ಕಟ್ಟುವುದು ಬಹಳ ಕಷ್ಟ.

ಹಬ್ಬಕ್ಕೂ ಅಕ್ಷರಕ್ಕೂ ನಂಟು ಬೆಸೆಯುವುದು ಹೊಸ ವಿಚಾರವೇನಲ್ಲ. ವಿಜಯದಶಮಿಯಂದು ಹರಿವಾಣದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ. ಅದಕ್ಕೂ ಮುನ್ನ ಪುಸ್ತಕಗಳನ್ನು ಪೂಜೆಗಿಟ್ಟು, ಓದಬಾರದೆಂಬ ನಿಯಮದಿಂದ ಮಕ್ಕಳು ಹಿಗ್ಗುವುದೂ ಇದೆ! ನಮ್ಮ ಕಾಲದಲ್ಲಿ ಮುದ್ರಿತ ಹಾಳೆ ಎಲ್ಲಿತ್ತು? ಸ್ಲೇಟು, ಕಡ್ಡಿ, ಬರೆದದ್ದನ್ನು ಒರೆಸಲು ತೋಟದ ಬದಿಯ ನೀರುಕಡ್ಡಿ, ಇಷ್ಟೇ. ಒರೆಸಿ ಮತ್ತೆ ಬರೆಯುವ ಸ್ವಾತಂತ್ರ್ಯವನ್ನು ಸ್ಲೇಟು ಕೊಡುತ್ತಿತ್ತು; ಈಗಿನ ಹಾಳೆ ಅದನ್ನು ಕೊಡುವುದಿಲ್ಲ.

ಈಗಿನ ಹಾಳೆಗಳ ಮುಖ್ಯ ತೊಡಕು ಚಿತ್ರದಲ್ಲಿಲ್ಲ, ಲಿಪಿಯಲ್ಲಿದೆ. ಅವುಗಳಲ್ಲಿ ಅನೇಕವು ಇಂಗ್ಲಿಷ್ ಹಾಳೆಗಳ ಅಚ್ಚಿನಲ್ಲಿ ಎರಕ ಹೊಯ್ದವು. ಚಿತ್ರದ ಹೆಸರಿನ ಮೊದಲ ಅಕ್ಷರವನ್ನು ಗುರುತಿಸಬೇಕು ಎಂಬುದು ಅಲ್ಲಿನ ಸಾಮಾನ್ಯ ಅಭ್ಯಾಸ. ಇಂಗ್ಲಿಷಿನಲ್ಲಿ ಸ್ವರಕ್ಕೂ ವ್ಯಂಜನಕ್ಕೂ ಬೇರೆ ಬೇರೆ ಅಕ್ಷರ. ಕನ್ನಡದಲ್ಲಿ ಸ್ವರವು ವ್ಯಂಜನದ ಮೈಗೆ ಅಂಟಿಕೊಂಡು ಕಾಗುಣಿತವಾಗುತ್ತದೆ. ಹಣತೆಯ ಚಿತ್ರದ ಕೆಳಗೆ 'ದ - ದೀಪ' ಎಂದು ಅಚ್ಚಾಗಿರುತ್ತದೆ. ಮಗುವಿನ ಕಿವಿಗೆ ಕೇಳಿಸುವುದು 'ದೀ', ಕಲಿತಿರುವುದು 'ದ'. ಗುಡಿಸು, ದೀರ್ಘಗಳನ್ನು ಇನ್ನೂ ಕಾಣದ ಮಗು ಇದನ್ನು ಬಾಯಿಪಾಠ ಮಾಡೀತೇ ಹೊರತು ಓದಲಾರದು. ಇನ್ನು ಹಬ್ಬಗಳ ಹೆಸರುಗಳೋ! ಚತುರ್ಥಿ, ಕೃಷ್ಣಾಷ್ಟಮಿ, ಷಷ್ಠಿ, ಕ್ರಿಸ್‌ಮಸ್, ಎಲ್ಲವೂ ಒತ್ತಕ್ಷರದ ಮುಳ್ಳುಬೇಲಿಗಳು. ಅವುಗಳನ್ನು ಒಂದನೆಯ ತರಗತಿಯ ಹಾಳೆಯ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದರೆ ಅಲಂಕಾರವಾದೀತು, ಪಾಠವಾಗದು.

ಇದಕ್ಕೆ ದಾರಿ ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ 2009ರ ಬಳಿಕ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ಹರಡಿದ 'ನಲಿ-ಕಲಿ' ಪದ್ಧತಿಯಲ್ಲಿ ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸಿದರು. ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ ಎಂಬ ನಿಜವಾದ ಪದಗಳು ಸಿದ್ಧವಾಗುತ್ತವೆ. ಗಮನಿಸಿ, 'ದಸರ'ವೂ ಅದರೊಳಗೇ ಇದೆ! ಐದು ಅಕ್ಷರ ಬಲ್ಲ ಮಗು ತಾನಾಗಿಯೇ ಓದಬಲ್ಲ ಹಬ್ಬ ಅದು. ಅಂಥ ಹಾಳೆ ಮಗುವಿಗೆ ಕೊಡುವ ಹೆಮ್ಮೆಯನ್ನು ನೂರು ಬಣ್ಣದ ಚಿತ್ರಗಳು ಕೊಡಲಾರವು. ನಮ್ಮ ಊರಿನ ಹೆಸರುಗಳನ್ನೇ ನೋಡೋಣ. ಪುತ್ತೂರು, ಸುಳ್ಯಗಳಿಗೆ ಒತ್ತಕ್ಷರ ಬೇಕು. 'ಕಡಬ'ಕ್ಕೆ ಮೂರು ಸರಳ ಅಕ್ಷರಗಳು ಸಾಕು. ಕೊನೆಗೊಂದು ಕೊಂಬು ಹಚ್ಚಿದರೆ ಊರು 'ಕಡಬು' ಆಗಿ ಹಬ್ಬದ ಎಲೆಗೆ ಬಂದು ಬೀಳುತ್ತದೆ. ಕಾಗುಣಿತದ ಮಹಿಮೆಯನ್ನು ತಿಳಿಸಲು ಇದಕ್ಕಿಂತ ರುಚಿಕರವಾದ ಉದಾಹರಣೆ ನನಗೆ ತೋಚದು.

ಇನ್ನೊಂದು ಸಂಗತಿ ಹೆಚ್ಚು ಗಂಭೀರವಾದುದು. ನಮ್ಮ ತಾಲೂಕುಗಳಲ್ಲಿ ಕನ್ನಡ ಶಾಲೆಗೆ ಬರುವ ಮಕ್ಕಳ ಮನೆಮಾತು ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ, ಕೊಂಕಣಿ ಹೀಗೆ ಹಲವು. ದೀಪಾವಳಿಯ ಗೋಪೂಜೆಯ ಚಿತ್ರ ತೋರಿಸಿ ಮೊದಲ ಅಕ್ಷರ ಬರೆ ಎಂದರೆ ತುಳು ಮಗು 'ಪೆತ್ತ' ಎಂದುಕೊಂಡು 'ಪೆ' ಎಂದು ಬರೆಯುತ್ತದೆ. ಹಾಳೆಯ ಉತ್ತರ 'ದನ'. ಕೆಂಪು ಶಾಯಿಯಿಂದ ತಪ್ಪು ಹಾಕುವುದು ಸುಲಭ. ಆದರೆ ಆ ಮಗು ಪದದ ಮೊದಲ ಧ್ವನಿಯನ್ನು ಸರಿಯಾಗಿಯೇ ಹಿಡಿದಿದೆಯಲ್ಲವೇ? ಓದಿನ ಮೊದಲ ಮೆಟ್ಟಿಲನ್ನು ಅದು ಏರಿದೆ. ನಾವು ಕೈಯಾರೆ ಕೆಳಗಿಳಿಸುತ್ತೇವೆ. 'ಪೆತ್ತ ಸರಿ ಮಗಾ, ಕನ್ನಡದಲ್ಲಿ ಅದಕ್ಕೆ ದನ ಎನ್ನುತ್ತಾರೆ' ಎಂಬ ಒಂದು ಮಾತು ಆ ಸಂಕವನ್ನು ಉಳಿಸುತ್ತದೆ.

ಆದ್ದರಿಂದ ಅಧ್ಯಾಪಕರಲ್ಲೂ ಹೆತ್ತವರಲ್ಲೂ ನನ್ನ ವಿನಂತಿ ಇಷ್ಟು. ಹಾಳೆಗೆ ಮೊದಲು ಮಾತಿರಲಿ. ಹಬ್ಬಕ್ಕೆ ಮನೆಯಲ್ಲಿ ಏನು ಮಾಡಿದಿರಿ, ಯಾರು ಬಂದಿದ್ದರು ಎಂದು ಕೇಳಿ, ಮಗು ಹೇಳಿದ ಎರಡು ವಾಕ್ಯಗಳನ್ನು ಅದರ ಕಣ್ಣೆದುರೇ ಬರೆದು ಓದಿಸಿ. ಹಾಳೆಯಲ್ಲಿ ಮಗುವಿಗೆ ಪರಿಚಿತವಾದ ಅಕ್ಷರಗಳಿಂದಲೇ ಆಗುವ ನಾಲ್ಕು ಪದಗಳಿದ್ದರೆ ಸಾಕು. ಕುಂಬಳಕಾಯಿಯ ಭೂತಕ್ಕಿಂತ ಅಷ್ಟಮಿಯ ಮೂಡೆ, ಆಟಿಯ ಕಳೆಂಜ, ಬಿಸುವಿನ ಕಣಿ ನಮ್ಮ ಮಕ್ಕಳಿಗೆ ಹತ್ತಿರ. ಪೆರ್ನಾಲಿನ ಚಂದ್ರನೂ ಸೆಪ್ಟೆಂಬರ್ 8ರ ಮೊಂತಿ ಹಬ್ಬದ ತೆನೆಯೂ ಅದೇ ಹಾಳೆಯಲ್ಲಿರಲಿ. ಹೊಸ ತೆನೆಯನ್ನು ಮನೆತುಂಬಿಸಿಕೊಳ್ಳುವ ಸಂಪ್ರದಾಯ ತುಳುವರಲ್ಲೂ ಕ್ರೈಸ್ತರಲ್ಲೂ ಇದೆ ಎಂಬುದನ್ನು ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಅರಿಯುವುದೂ ಒಂದು ಓದೇ.

ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿಯೊಂದು ಮಗುವೂ ಅರ್ಥ ಗ್ರಹಿಸಿ ಓದಬೇಕೆಂಬುದು 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯ ಗುರಿ. ಗುರಿಯನ್ನು ಸರಕಾರ ಸಾರಬಹುದು. ಮುಟ್ಟಿಸುವುದು ತರಗತಿಯ ಅಕ್ಕೋರು, ಮಾಸ್ಟ್ರುಗಳ ಕೈಯಲ್ಲಿದೆ. 'ಬಾಲಪ್ರಪಂಚ'ವನ್ನು ಬರೆದ ಶಿವರಾಮ ಕಾರಂತರು ಬಾಳಿದ ಬಾಲವನ ಇರುವ ಊರು ನಮ್ಮದು. ಇಲ್ಲಿನ ಮಕ್ಕಳಿಗೆ ಬೇಕಾದ ಹಾಳೆಗಳನ್ನು ಇಲ್ಲಿನ ಅಧ್ಯಾಪಕರೇ ಬರೆಯಬಲ್ಲರು. ನಾಲ್ಕು ಶಾಲೆಯವರು ಒಂದು ಶನಿವಾರ ಮಧ್ಯಾಹ್ನ ಜತೆಗೆ ಕುಳಿತರೆ ಮುಂದಿನ ದಸರ ರಜೆಗೆ ಬೇಕಾಗುವಷ್ಟು ಹಾಳೆ ಸಿದ್ಧವಾದೀತು. ನಿವೃತ್ತರಾದ ನಮ್ಮಂಥವರಿಗೆ ಹೇಗೂ ಬಿಡುವಿದೆ, ಕರೆದರೆ ಬರುತ್ತೇವೆ.