ಗಿಟಾರ್ ಗುಡುಗಲಿಲ್ಲ, ಯಾಕೆ?

ಕಳೆದ ನವೆಂಬರ್. ಕುಂದಲಹಳ್ಳಿಯಲ್ಲಿ ರಾಜ್ಯೋತ್ಸವದ ಸ್ಟೇಜು, ಮೇಲೆ ನಮ್ಮ ಪರಿಚಯದ ಹುಡುಗರ ತಂಡ. ಹಗಲು ಐ.ಟಿ.ಪಿ.ಎಲ್. ಕಡೆ ಕೆಲಸ, ರಾತ್ರಿ ಪಿ.ಜಿ. ಕೋಣೆಯಲ್ಲಿ ಪ್ರಾಕ್ಟೀಸು. ಗಿಟಾರಿನ ಹುಡುಗನಂತೂ ಹೊಟ್ಟೆ ಬಟ್ಟೆ ಕಟ್ಟಿ ಗಿಟಾರ್ ಕೊಂಡವನು. ಕೋಣೆಯಲ್ಲಿ ಪುಟ್ಟ ಆಂಪ್ಲಿಫೈಯರ್‌ಗೆ ಹಾಕಿ ನುಡಿಸಿದರೆ ಸಿಡಿಲು!

ಸ್ಟೇಜ್ ಮೇಲೆ? ಡ್ರಮ್ಸ್ ಶುರುವಾಗಿದ್ದೇ ತಡ, ಗಿಟಾರ್ ಜೇನುಗೂಡಿನ ಥರ ಗುಂಯ್ ಅಂತು. ಆಮೇಲೆ ಅದೂ ಮಾಯ. “ವೈರ್ ಸಿಕ್ಕಿಸ್ಕೊಳ್ಳೋ ಗುರೂ!” ಅಂತ ಕೆಳಗಿನಿಂದ ಕೂಗು. ಅವತ್ತು ರಾತ್ರಿ ಆಸಾಮಿ ಗಿಟಾರ್ ಮಾರೋಕೇ ಹೊರಟಿದ್ದ.

ತಪ್ಪು ಕೈಯದಲ್ಲ ಸ್ವಾಮೀ, ತಿರುಗಿಸಿದ ಗುಂಡಿಗಳದು!

ಮೊದಲನೆಯದು ಗೇನ್. ನಮ್ಮವನು ಹತ್ತಕ್ಕೆ ಹತ್ತು ಇಟ್ಟಿದ್ದ. ಗೇನ್ ಅತಿಯಾದರೆ ಸ್ವರದ ತಲೆಯೆಲ್ಲ ಕತ್ತರಿಸಿಹೋಗಿ ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಆಗುತ್ತೆ. ಏಟಿನ ಗಡಸೇ ಹೋಗುತ್ತೆ. ಐದರ ಆಸುಪಾಸು ಸಾಕು.

ಎರಡನೆಯದು ಮಿಡ್. ಸಣ್ಣ ದನಿಯಲ್ಲಿ ನಮ್ಮ ಕಿವಿಗೆ ಬೇಸ್ ಕಮ್ಮಿ ಕೇಳುತ್ತೆ. ಅದಕ್ಕೇ ಕೋಣೆಯಲ್ಲಿ ಬೇಸ್, ಟ್ರೆಬಲ್ ಏರಿಸಿ ಮಿಡ್ ಇಳಿಸುವ ಚಪಲ. ಸ್ಟೇಜಲ್ಲಿ ಕೆಳಗಿನ ಜಾಗ ಬೇಸ್ ಗಿಟಾರಿನದು, ಮೇಲಿನದು ಡ್ರಮ್ಸ್ ತಟ್ಟೆಗಳದು. ಗಿಟಾರಿಗೆ ಉಳಿಯೋದೇ ನಡುಮನೆ. ಅದನ್ನೇ ಬಿಟ್ಟುಕೊಟ್ಟರೆ? ಬೇಸ್ 4, ಮಿಡ್ 6, ಟ್ರೆಬಲ್ 5... ಅಲ್ಲಿಂದ ಶುರು ಮಾಡಿ.

ಮೂರನೆಯದೇ ಅಸಲಿ ವಿಲನ್! ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ 5,000 ಹರ್ಟ್ಸ್ ದಾಟಿದ ಕಿರುಗುಟ್ಟುವಿಕೆಯನ್ನು ಬಹುಪಾಲು ನುಂಗಿಬಿಡುತ್ತೆ. ನಮ್ಮವನು ಸ್ಟೇಜಲ್ಲಿ ಪ್ರೊಸೆಸರ್‌ನಿಂದ ನೇರ ಮಿಕ್ಸರ್‌ಗೆ ವೈರ್ ಎಳೆದಿದ್ದ. ನುಂಗೋರೇ ಇಲ್ಲ! ಪ್ರೊಸೆಸರ್‌ನಲ್ಲಿ ‘ಕ್ಯಾಬ್’ ಅಂತ ಒಂದಿರುತ್ತೆ, ಆ ಸ್ಪೀಕರ್‌ನ ನಕಲು. ಆಂಪ್‌ಗೆ ಹಾಕಿದಾಗ ಆಫ್, ಮಿಕ್ಸರ್‌ಗೆ ಹಾಕಿದಾಗ ಆನ್. ಅದನ್ನು ಮರೆತಿದ್ದ.

ಮುಂದಿನ ಭಾನುವಾರ ಸೌಂಡ್ ಸಿಸ್ಟಮ್ ಅಣ್ಣನ ಗೋಡೌನಿನಲ್ಲಿ ಡ್ರಮ್ಸ್ ಪಕ್ಕದಲ್ಲೇ ನಿಲ್ಲಿಸಿ, ಸ್ಟೇಜಿನಷ್ಟೇ ದನಿಯಿಟ್ಟು ಎಲ್ಲ ಸರಿ ಮಾಡಿದೆವು. ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್. ಅದಕ್ಕಿಂತ ಕೆಳಗಿನ ಗದ್ದಲವನ್ನು ಅಣ್ಣ ಮಿಕ್ಸರ್‌ನಲ್ಲೇ ಕತ್ತರಿಸಿದ. ಒಂದೇ ಒಂದು ಏಟು... ಷಟರ್ ನಡುಗಿತು! ಹುಡುಗನ ಕಣ್ಣಲ್ಲಿ ನೀರು.

‘ಜಸ್ಟ್ ಮಾತ್ ಮಾತಲ್ಲಿ’ (2010) ಚಿತ್ರದಲ್ಲಿ ಸುದೀಪ್ ರಾಕ್ ಸ್ಟಾರ್ ಆಗಿ, ರಘು ದೀಕ್ಷಿತ್ ಸಂಗೀತಕ್ಕೆ ಗಿಟಾರ್ ಹಿಡಿದಿದ್ದನ್ನು ನೋಡಿ ಕನಸು ಕಟ್ಟಿದವನಂತೆ ಇವನು. ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಮೇಳದಲ್ಲಿ ನುಡಿಸಿ ಬಂದಿದೆ. ಕುಂದಲಹಳ್ಳಿಯವನಿಗೇಕೆ ಆಗಬಾರದು?

ಗಿಟಾರ್ ಮಾರುವ ಮಾತು ಈಗಿಲ್ಲ. ಪಿ.ಜಿ. ಆಂಟಿ ಮಾತ್ರ ರೂಮ್ ಖಾಲಿ ಮಾಡು ಅಂತಿದ್ದಾರಂತೆ! ಅದಕ್ಕೆ ಯಾವ ಗುಂಡಿ ತಿರುಗಿಸಬೇಕು? ಬಲ್ಲವರು ಬರೆಯಿರಿ.