ಕಾರ್ಡಿನ ಆಯುಷ್ಯ, ಡ್ರೈವರಿನ ಆಯುಷ್ಯ

ಸಹಸ್ರಾರು ಗಣನಕೋಶಗಳು ಏಕಕಾಲದಲ್ಲಿ ದುಡಿಯುವ ಗ್ರಾಫಿಕ್ಸ್ ಕಾರ್ಡು ಚಿತ್ರ ಮೂಡಿಸುವ ಕೆಲಸವನ್ನು ಮೀರಿ ವಿಜ್ಞಾನದ ಲೆಕ್ಕಗಳಿಗೂ ಒದಗಿತು. ಎನ್‌ವಿಡಿಯಾ ಸಂಸ್ಥೆಯ ಕುಡಾ ಎಂಬ ಸಾಧನವು ಹೊರಬಂದುದು 2007ರಲ್ಲಿ. ಆದರೆ ಕಾರ್ಡು ತಾನಾಗಿ ಏನನ್ನೂ ಮಾಡಲಾರದು. ಗಣಕದ ಆಜ್ಞೆಯನ್ನು ಅದಕ್ಕೆ ತಿಳಿಯುವಂತೆ ಮುಟ್ಟಿಸಲು ಡ್ರೈವರ್ ಎಂಬ ತಂತ್ರಾಂಶವು ಬೇಕು.

ತೊಡಕಿರುವುದು ಇಲ್ಲಿಯೇ. 2014ರಲ್ಲಿ ಬಂದ ಟೆಸ್ಲಾ ಕೆ80 ಕಾರ್ಡಿನಲ್ಲಿ 4,992 ಗಣನಕೋಶಗಳೂ 24 ಗಿಗಾಬೈಟ್ ಸ್ಮೃತಿಯೂ ಉಂಟು. 2022ರ ಡಿಸೆಂಬರಿನಲ್ಲಿ ಪ್ರಕಟವಾದ ಕುಡಾ 12 ಆ ಪೀಳಿಗೆಯನ್ನು ಕೈಬಿಟ್ಟಿತು. ಕಾರ್ಡು ಕೆಟ್ಟಿಲ್ಲ, ಹಳೆಯ ತಂತ್ರಾಂಶದೊಡನೆ ಇಂದಿಗೂ ಲೆಕ್ಕ ಮಾಡಬಲ್ಲದು. ಕುಡಾ 12ನ್ನು ಆಧರಿಸಿದ ತಂತ್ರಾಂಶವು ಮಾತ್ರ ಅದರ ಮೇಲೆ ನಡೆಯದು. ಹಳೆಯ ಕಾರ್ಡುಗಳನ್ನೇ ನೆಚ್ಚಿದ ಸಣ್ಣ ಕಾಲೇಜಿನ ವಿದ್ಯಾರ್ಥಿಗೆ ಇದು ಬಾಗಿಲು ಮುಚ್ಚಿದಂತೆಯೇ ಸರಿ.

ಎಲ್ಲ ಪೀಳಿಗೆಗಳನ್ನೂ ಎಂದೆಂದಿಗೂ ಸಲಹುವುದು ತಯಾರಕರಿಗೆ ಹೊರೆಯೆಂಬುದನ್ನು ನಾವು ಒಪ್ಪುತ್ತೇವೆ. ಇಳಿಸಿದ ಹೊರೆಯನ್ನು ಹೊರಲು ಸಿದ್ಧರಿರುವವರಿಗೆ ಒಪ್ಪಿಸಲಿ ಎಂಬುದಷ್ಟೇ ನಮ್ಮ ವಾದ. 2022ರ ಮೇ ತಿಂಗಳಲ್ಲಿ ಅದೇ ಸಂಸ್ಥೆಯು ತನ್ನ ಲಿನಕ್ಸ್ ಡ್ರೈವರಿನ ಒಂದು ಭಾಗದ ಸೋರ್ಸ್ ಕೋಡನ್ನು ಬಹಿರಂಗಪಡಿಸಿತು. ಆದರೆ ಅದು 2018ರ ಟ್ಯೂರಿಂಗ್ ಪೀಳಿಗೆ ಮತ್ತು ಅದರಿಂದೀಚಿನವುಗಳಿಗೆ ಮಾತ್ರ. ಬೆಂಬಲ ನಿಲ್ಲಿಸಿದ ದಿನವೇ ಆ ಕಾರ್ಡಿನ ಆಜ್ಞಾವಿವರಗಳನ್ನೂ ಡ್ರೈವರಿನ ಸೋರ್ಸ್ ಕೋಡನ್ನೂ ಪ್ರಕಟಿಸುವುದು ನಿಯಮವಾಗಬೇಕು. ಕೊಳ್ಳುವವರೂ ಕೋಶಗಳೆಷ್ಟೆಂದು ಕೇಳುವ ಮೊದಲು ಡ್ರೈವರ್ ಎಷ್ಟು ವರ್ಷ ದೊರೆಯುವುದೆಂದು ಕೇಳಲಿ.